ಆಗುಂಬೆಯ ಮಳೆ, ಹರಿಹರದ ಹೊಳೆ

ಜುಲೈ ಕೊನೆಯ ವಾರ ಬಂತೆಂದರೆ ಹೊನ್ನಾಳಿ, ಹರಿಹರ ತಾಲ್ಲೂಕುಗಳ ಹೊಳೆದಂಡೆಯ ಜನ ತಮ್ಮೂರಿನ ಮೋಡ ನೋಡಿಕೊಂಡು ಕೂರುವುದಿಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹೇಗಿದೆ, ಗಾಜನೂರಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು, ಭದ್ರಾ ಡ್ಯಾಂ ಎಷ್ಟು ಅಡಿ ತುಂಬಿತು ಎಂದು ವಿಚಾರಿಸುತ್ತಾರೆ. ಊರಿನಲ್ಲಿ ಹನಿ ಬೀಳದಿದ್ದರೂ ಹೊಳೆ ಮನೆ ಬಾಗಿಲಿಗೆ ಬರಬಹುದು ಎಂಬುದು ಅವರಿಗೆ ಗೊತ್ತು. ದಾವಣಗೆರೆ ಸೀಮೆಯ ನೆರೆಯ ಗುಣವೇ ಅದು. ವರ್ಷಕ್ಕೆ ಆರುನೂರು ಚಿಲ್ಲರೆ ಮಿಲಿಮೀಟರ್ ಮಳೆ ಕಾಣುವ ಈ ಬಯಲುಸೀಮೆಯ ಮೇಲೆ, ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಹರಿದು ಹೋಗಬೇಕು.

ಹೊಳೆ ಏರಿದ ದಿನವೂ ದಾವಣಗೆರೆಯ ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಬಿಸಿಲು ಬಿದ್ದಿರಬಹುದು. ಹರಿಹರ ಇಲ್ಲಿಂದ ಅರ್ಧ ಗಂಟೆಯ ಹಾದಿ. ಆದರೂ ಹೊಳೆ ಬಂದ ಸುದ್ದಿ ನಮಗೆ ಗೊತ್ತಾಗುವುದು ಪತ್ರಿಕೆಯ ಫೋಟೊದಿಂದ, ಇಲ್ಲವೇ ನಲ್ಲಿಯಲ್ಲಿ ಕೆಂಪು ನೀರು ಬಂದಾಗ.

ಒಂಬತ್ತು ಗಂಟೆಯ ಲೆಕ್ಕ

ತುಂಗೆ, ಭದ್ರೆ ಎರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ಮೂಲ ಒಂದೇ ಆದರೂ ಮಳೆಗಾಲದಲ್ಲಿ ಎರಡರ ನಡವಳಿಕೆ ಬೇರೆ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತದೆ. ಅದು ತುಂಬುವವರೆಗೂ ಭದ್ರೆಯಿಂದ ಕೆಳಗಿನವರಿಗೆ ಅಪಾಯವಿಲ್ಲ. ತುಂಗೆಗೆ ಆ ತಡೆ ಇಲ್ಲ. ಗಾಜನೂರಿನ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಮಾತ್ರ. ಆಗುಂಬೆಯಿಂದ ಪೂರ್ವಕ್ಕಿಳಿಯುವ ಮಾಲತಿ ಹೊಳೆಯ ನೀರೂ ತುಂಗೆಯ ಪಾಲಿಗೇ ಸೇರುತ್ತದೆ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಅಂದರೆ ಒಂದು ಲಕ್ಷ ಕ್ಯುಸೆಕ್ ನೀರು ಹರಿದುಬಂದರೆ ಬರಿದಾದ ಗಾಜನೂರು ಜಲಾಶಯ ತುಂಬಲು ಒಂಬತ್ತೇ ಗಂಟೆ ಸಾಕು. ಆಮೇಲೆ ಬಂದಷ್ಟೂ ಕೆಳಗೆ ಬಿಡಲೇಬೇಕು.

ಹೀಗಾಗಿ ಪ್ರತಿ ಮಳೆಗಾಲದಲ್ಲೂ ತುಂಗೆ ಒಂದೆರಡು ಸಲ ಹೊಳೆಯನ್ನು ದಡ ಮುಟ್ಟಿಸುತ್ತದೆ. ತುಂಬಿದ ಭದ್ರೆಯ ಗೇಟೂ ಅದೇ ವಾರ ತೆರೆದರೆ ದಡ ಮೀರುತ್ತದೆ. ಇದರ ಜೊತೆಗೆ ಹರಿದ್ರಾ ಹೊಳೆಯದ್ದೂ ಒಂದು ಪಾಲಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಟ ಅದು ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ. ದೊಡ್ಡ ಹೊಳೆ ತುಂಬಿದ್ದರೆ ಹರಿದ್ರೆಯ ನೀರು ಒಳನುಗ್ಗಲು ಜಾಗ ಸಿಗದೆ ಹಿಂದಕ್ಕೆ ಒತ್ತಿ ಗದ್ದೆಗಳ ಮೇಲೆ ಹರಡುತ್ತದೆ. ಹೊಳೆಯಿಂದ ದೂರವಿದ್ದೇವೆ ಎಂದುಕೊಂಡವರ ಪೈರೂ ಹೀಗೆ ಮುಳುಗುತ್ತದೆ.

ಬದಲಾಗದ ಪಟ್ಟಿ

2019ರ ಆಗಸ್ಟ್‌ನಲ್ಲಿ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಗೆ ಸಿಕ್ಕವು. ಕೃಷ್ಣಾ, ಮಲಪ್ರಭಾ ತೀರದ ಗೋಳು ನಾಡಿಗೆಲ್ಲ ಕೇಳಿಸಿತು. ತುಂಗಭದ್ರೆಯ ದಂಡೆಯಲ್ಲೂ ಸಂಕಟ ಕಡಿಮೆ ಇರಲಿಲ್ಲ. ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರದ ಕುಟುಂಬಗಳು ಪಾತ್ರೆ ಪಗಡ ಕಟ್ಟಿಕೊಂಡು ಮನೆ ಬಿಟ್ಟವು. ಅಜ್ಜಯ್ಯನ ಸನ್ನಿಧಿ ಎಂದು ಭಕ್ತರು ಹುಡುಕಿಕೊಂಡು ಬರುವ ಉಕ್ಕಡಗಾತ್ರಿಯಲ್ಲಿ ಸ್ನಾನಘಟ್ಟ ಮುಳುಗಿತು. ಐದು ವರ್ಷದ ನಂತರ, 2024ರ ಜುಲೈ ಕೊನೆಯಲ್ಲಿ ಹೊಳೆ ಮತ್ತೆ ಏರಿತು.

ಯಾವುದೇ ನೆರೆ ವರ್ಷದ ಪತ್ರಿಕೆ ತೆಗೆದು ನೋಡಿ, ಅವೇ ಹೆಸರುಗಳು ಕಾಣುತ್ತವೆ. ಬಾಲರಾಜ್ ಘಾಟ್, ಗಂಗಾನಗರ, ಉಕ್ಕಡಗಾತ್ರಿ–ಫತ್ಯಾಪುರ ರಸ್ತೆ, ಸಾರಥಿ–ಚಿಕ್ಕಬಿದರಿ ಸೇತುವೆ. ಹೊಳೆಯ ಕೆಳಭಾಗದಲ್ಲಿ, ಈಗ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿ ತಾಲ್ಲೂಕಿನ ಹಲವಾಗಲು–ಗರ್ಭಗುಡಿ ರಸ್ತೆಯೂ ಆ ಪಟ್ಟಿಯಲ್ಲಿದೆ. ಹಲವಾಗಲು 1902ರಲ್ಲಿ ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ ಹುಟ್ಟಿದ ಊರು. ಅವರ ಹೆಸರನ್ನು ನಾವು ನಮ್ಮ ಬಡಾವಣೆಗೆ ಇಟ್ಟುಕೊಂಡು ದಿನವೂ ವಿಳಾಸದಲ್ಲಿ ಬರೆಯುತ್ತೇವೆ. ಅವರ ಹುಟ್ಟೂರಿನ ದಾರಿ ಹೊಳೆ ತುಂಬಿದಾಗ ಕಡಿದುಹೋಗುತ್ತದೆ.

ಎಲ್ಲಿ ನೀರು ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ, ಎಷ್ಟು ಕ್ಯುಸೆಕ್ ಬಿಟ್ಟರೆ ಯಾವ ಓಣಿಗೆ ನುಗ್ಗುತ್ತದೆ ಎಂಬುದೆಲ್ಲ ಹೊಳೆದಂಡೆಯ ಜನಕ್ಕೂ ಗೊತ್ತು, ಕಚೇರಿಗಳಿಗೂ ಗೊತ್ತು. ಮೊದಲೇ ಗೊತ್ತಿದ್ದ ಕಷ್ಟವನ್ನು ಪ್ರತಿ ಸಲ ಹಠಾತ್ತನೆ ಬಂದ ವಿಪತ್ತೆಂದು ಕರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ನೀರಿಳಿದ ಮೇಲೆ

ಹೊಳೆ ತುಂಬಿದಾಗ ಸೇತುವೆಯ ಮೇಲೆ ನೋಡುವವರ ಜಾತ್ರೆ. ನಿಜವಾದ ನಷ್ಟ ಕಣ್ಣಿಗೆ ಬೀಳುವುದು ನೀರಿಳಿದ ಮೇಲೆ. ಆಗ ಯಾರೂ ಅತ್ತ ಹಾಯುವುದಿಲ್ಲ.

ನಾಟಿ ಮಾಡಿ ಎರಡು ಮೂರು ವಾರವಾದ ಭತ್ತದ ಗದ್ದೆಗೆ ಹೋಗಿ ನೋಡಬೇಕು. ಪೈರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಎಲೆಗಳ ಮೇಲೆ ನುಣ್ಣನೆ ಮೆಕ್ಕಲು ಮೆತ್ತಿಕೊಂಡಿರುತ್ತದೆ. ಬಿಸಿಲು ಬಿದ್ದಂತೆ ಅದು ಬಿಳಿಚಿ ಸಿಪ್ಪೆ ಏಳುತ್ತದೆ. ಕೈಯಲ್ಲಿ ಎಳೆದರೆ ಬೇರು ಸಮೇತ ಬರುವ ಕೊಳೆತ ಬುಡ, ಅದರ ವಾಸನೆ. ಬದು ಎಲ್ಲಿತ್ತೆಂದು ಕಾಲಿನಲ್ಲಿ ತಡಕಬೇಕು. ದಡದಲ್ಲಿ ಕೂರಿಸಿದ್ದ ಪಂಪ್‌ಸೆಟ್ ಮೋಟರಿನೊಳಗೆ ಕೆಸರು ಹೊಕ್ಕಿರುತ್ತದೆ. ಬಿಚ್ಚಿ, ಒಣಗಿಸಿ, ಕಾಯಿಲ್ ಸುತ್ತಿಸದೆ ಅದು ಮತ್ತೆ ತಿರುಗುವುದಿಲ್ಲ.

ಮರುನಾಟಿ ಮಾಡೋಣವೆಂದರೆ ಸಸಿಮಡಿ ಬೇಕು, ಆಳು ಬೇಕು, ಮತ್ತೆ ಗೊಬ್ಬರ ಬೇಕು. ಹೊತ್ತು ಮೀರಿ ನೆಟ್ಟ ಪೈರು ತೆನೆ ಒಡೆಯುವಾಗ ಚಳಿಗೆ ಸಿಕ್ಕಿ ಜೊಳ್ಳಾಗುತ್ತದೆ. ಅಷ್ಟರಲ್ಲಿ ನಾಲೆಯ ನೀರಿನ ಅವಧಿಯೂ ಮುಗಿಯುವ ಹೊತ್ತಾಗಿರುತ್ತದೆ. ಭದ್ರಾ ನಾಲೆಯ ಕೊನೆಭಾಗದಲ್ಲಿರುವ ಹರಿಹರದ ರೈತರಿಗೆ ಬೇಸಿಗೆಯಲ್ಲಿ ನೀರು ತಲುಪುವುದೇ ಕಷ್ಟ. ಮಳೆಗಾಲದಲ್ಲಿ ಬೇಡದಷ್ಟು ನೀರು ಬಂದು ಇದ್ದುದನ್ನೂ ಒಯ್ಯುತ್ತದೆ.

ಮನೆಗಳ ಕತೆ ಇನ್ನೊಂದು ಬಗೆ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳದೆ, ನೀರಿಳಿದು ಎರಡು ದಿನ ಬಿಸಿಲು ಕಾದ ಮೇಲೆ ಬಿರುಕು ಬಿಟ್ಟು ಕುಸಿಯುವುದುಂಟು. ಇನ್ನೇನು ಗಂಡಾಂತರ ಕಳೆಯಿತೆಂದು ಕಾಳಜಿ ಕೇಂದ್ರದಿಂದ ಮರಳಿದವರ ತಲೆಯ ಮೇಲೇ ಬೀಳಬಹುದು. ಅಡಿಪಾಯ ಸರಿ ಇದೆಯೇ ಎಂದು ಎಂಜಿನಿಯರ್ ನೋಡಿ ಹೇಳುವವರೆಗೆ ಯಾರನ್ನೂ ಮನೆಗೆ ಕಳಿಸಬಾರದು.

ಪರಿಹಾರದ ಅಳತೆ

ವಿಪತ್ತು ಪರಿಹಾರ ನಿಧಿಯ 2022ರ ಪರಿಷ್ಕೃತ ದರದಂತೆ ನೀರಾವರಿ ಬೆಳೆ ಹಾನಿಗೆ ಹೆಕ್ಟೇರಿಗೆ 17,000 ರೂಪಾಯಿ. ಎಕರೆಗೆ ಏಳು ಸಾವಿರವೂ ಪೂರ್ತಿ ಆಗಲಿಲ್ಲ. ಶೇ 33ಕ್ಕಿಂತ ಕಡಿಮೆ ಹಾನಿಯಾದರೆ ಅದೂ ಇಲ್ಲ, ಎರಡು ಹೆಕ್ಟೇರಿಗಿಂತ ಹೆಚ್ಚಿಗೂ ಇಲ್ಲ. ಗದ್ದೆಯ ಮೇಲೆ ಕೂತ ಮರಳು, ಹೂಳು ತೆಗೆಸಲು ಹೆಕ್ಟೇರಿಗೆ 18,000. ಅದಕ್ಕೆ ಹೂಳು ಮೂರು ಇಂಚಿಗಿಂತ ದಪ್ಪ ಇರಬೇಕು. ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಬೊಕ್ಕಸದಿಂದ ಸೇರಿಸಿ ಕೊಟ್ಟಿದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಘೋಷಿಸಿತು. ಅದು ಒಳ್ಳೆಯ ನಿರ್ಧಾರ. ಆದರೆ ಅದು ಆ ವರ್ಷದ ಸರ್ಕಾರದ ಮನಸ್ಸಿಗೆ ಬಿಟ್ಟದ್ದಾಗಬಾರದು, ನಿಯಮವಾಗಬೇಕು.

ಇದಕ್ಕಿಂತ ನೋವಿನ ವಿಷಯ ಕೋರಿಗೆ, ಗುತ್ತಿಗೆಗೆ ಹೊಲ ಮಾಡಿದವರದ್ದು. ಪರಿಹಾರದ ಹಣ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಸಾಲ ತಂದು ಬಿತ್ತಿದವನ ಹೆಸರು ಪಹಣಿಯಲ್ಲಿರುವುದಿಲ್ಲ. ನಾಟಿ ಕೆಲಸ ನಿಂತು ಕೂಲಿ ಕಳೆದುಕೊಂಡ ಹೆಣ್ಣುಮಕ್ಕಳ ಲೆಕ್ಕ ಬೆಳೆ ಸಮೀಕ್ಷೆಯ ಹಾಳೆಯಲ್ಲಿ ಬರುವುದೇ ಇಲ್ಲ.

ದಡ ಕರಗಿಸಿದವರು ನಾವು

ಮಳೆ ಮಲೆನಾಡಿನದ್ದು ನಿಜ. ದಡವನ್ನು ಬಲಹೀನ ಮಾಡಿದ್ದು ಇಲ್ಲಿಯವರೇ. ಮರಳಿಗಾಗಿ ಹೊಳೆಯ ಒಡಲು ಬಗೆದದ್ದಾಯಿತು. ಇಟ್ಟಿಗೆ ಭಟ್ಟಿಗಳಿಗಾಗಿ ದಂಡೆಯ ಹೊಲಗಳ ಮೇಲ್ಮಣ್ಣು ತೆಗೆದು ನೆಲ ತಗ್ಗಾಯಿತು. ತಗ್ಗಾದ ಕಡೆ ಹೊಳೆ ಮೊದಲು ನುಗ್ಗುತ್ತದೆ, ಸಡಿಲವಾದ ದಡವನ್ನು ಕೊರೆದು ಪಕ್ಕದವರ ಹೊಲಕ್ಕೂ ಬಾಯಿ ಹಾಕುತ್ತದೆ. ಆ ಮರಳು, ಆ ಇಟ್ಟಿಗೆ ಎಲ್ಲಿಗೆ ಹೋದವೆಂದು ಕೇಳಿದರೆ ದಾವಣಗೆರೆಯ ಹೊಸ ಬಡಾವಣೆಗಳು ಉತ್ತರ ಹೇಳಬೇಕಾಗುತ್ತದೆ.

ನಗರದ ಋಣ ಅಷ್ಟಕ್ಕೇ ಮುಗಿಯದು. ರಾಜನಹಳ್ಳಿಯ ಜಾಕ್‌ವೆಲ್‌ನಿಂದ ನಾವು ಕುಡಿಯುವುದು ಇದೇ ಹೊಳೆಯ ನೀರು. ನಮ್ಮ ಊಟದ ಅಕ್ಕಿ ಆ ದಂಡೆಯ ಭತ್ತದ್ದು. ಭದ್ರಾ ಅಣೆಕಟ್ಟೆ ಪೂರ್ತಿಯಾದದ್ದು 1965ರಲ್ಲಿ, ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ. ಒಣಭೂಮಿಯಾಗಿದ್ದ ಈ ಸೀಮೆ ಭತ್ತದ ಕಣಜವಾದದ್ದು ಆ ನಾಲೆಗಳಿಂದ. ನೀರಿನ ಲಾಭ ಉಂಡ ಊರು ನೀರಿನ ನಷ್ಟಕ್ಕೂ ಹೆಗಲು ಕೊಡಬೇಕು.

ಆಗಬೇಕಾದ ಕೆಲಸ

ಮೊದಲನೆಯದು ವಾಸದ ಜಾಗ. ನೆರೆಪಾತ್ರದಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂದು ಗುರುತಿಸುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಅದನ್ನು ಕಾನೂನು ಮಾಡಿಕೊಂಡ ರಾಜ್ಯಗಳು ಬೆರಳೆಣಿಕೆಯಷ್ಟು, ಕರ್ನಾಟಕ ಅದರಲ್ಲಿಲ್ಲ. ಗಂಗಾನಗರ, ಬಾಲರಾಜ್ ಘಾಟ್‌ನ ಜನಕ್ಕೆ ಎತ್ತರದಲ್ಲಿ ನಿವೇಶನ ಕೊಡಬೇಕು. ಅದು ಅವರ ಕೂಲಿಗೆ, ಮಕ್ಕಳ ಶಾಲೆಗೆ ಹತ್ತಿರ ಇರಬೇಕು. ದೂರ ಎಸೆದರೆ ಅವರು ಮರಳಿ ಹೊಳೆದಂಡೆಗೇ ಬರುತ್ತಾರೆ.

ಎರಡನೆಯದು ಬೀಜ. ನೀರಿನಡಿ ಎರಡು ವಾರದವರೆಗೆ ಜೀವ ಹಿಡಿದುಕೊಳ್ಳುವ ಸ್ವರ್ಣ ಸಬ್–1 ಭತ್ತದ ತಳಿ 2009ರಲ್ಲೇ ಭಾರತದಲ್ಲಿ ಬಿಡುಗಡೆಯಾಗಿದೆ. ಒಡಿಶಾ, ಬಿಹಾರದ ನೆರೆಭೂಮಿಯಲ್ಲಿ ಅದನ್ನು ಬೆಳೆಯುತ್ತಾರೆ. ನಮ್ಮ ರೈತರಿಗೆ, ಮಾರುಕಟ್ಟೆಗೆ ಒಗ್ಗುವ ಸಣ್ಣಕ್ಕಿ ತಳಿಗಳಲ್ಲಿ ಆ ಗುಣ ತರುವ ಕೆಲಸಕ್ಕೆ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇದೆ. ತಗ್ಗು ಗದ್ದೆಗಳ ರೈತರಿಗಾಗಿ ಎತ್ತರದ ಜಾಗದಲ್ಲಿ ಸಾಮೂಹಿಕ ಸಸಿಮಡಿ ಕಾದಿರಿಸಿದರೆ ಮರುನಾಟಿ ಒಂದು ವಾರದಲ್ಲಿ ಆಗುತ್ತದೆ.

ಮೂರನೆಯದು ಹೊಳೆಯ ನೀರನ್ನೇ ಬಳಸಿಕೊಳ್ಳುವುದು. ರಾಜನಹಳ್ಳಿಯಿಂದ 22 ಕೆರೆಗಳಿಗೆ, ದೀಟೂರಿನಿಂದ ಜಗಳೂರು ಸೀಮೆಯ 57 ಕೆರೆಗಳಿಗೆ ನೀರೆತ್ತುವ ಯೋಜನೆಗಳಿವೆ. ಪಂಪುಗಳಿಂದ ನೆರೆ ತಗ್ಗದು; ಒಂದು ಲಕ್ಷ ಕ್ಯುಸೆಕ್ ಹರಿದರೆ ಒಂದು ದಿನಕ್ಕೆ 8.6 ಟಿಎಂಸಿ ಆಗುತ್ತದೆ. ಆದರೆ ಹೊಳೆ ತುಂಬಿದ ವಾರಗಳಲ್ಲಿ ಒಂದು ಪಂಪೂ ಕೆಟ್ಟು ನಿಲ್ಲದಂತೆ ನೋಡಿಕೊಂಡರೆ ಜಗಳೂರಿನ ಬರಕ್ಕೆ ಅದೇ ನೀರು ಮದ್ದಾಗುತ್ತದೆ.

ಇದಾವುದಕ್ಕೂ ಹೊಸ ಅಧ್ಯಯನ ಬೇಕಿಲ್ಲ. ಮುಳುಗುವ ಊರುಗಳ ಪಟ್ಟಿ ಕೈಯಲ್ಲಿದೆ. ಮುಂದಿನ ಬಜೆಟ್ಟಿನಲ್ಲಿ ಆ ಪಟ್ಟಿಯ ಒಂದೊಂದು ಹೆಸರಿನ ಎದುರಿಗೂ ಒಂದು ಕೆಲಸ, ಒಂದು ಮೊತ್ತ, ಒಂದು ಗಡುವು ಬರೆಸಬೇಕು. ದಾವಣಗೆರೆಯ ಮತದಾರರು ತಮ್ಮ ಬಡಾವಣೆಯ ರಸ್ತೆ, ಚರಂಡಿಗೆ ಅರ್ಜಿ ಕೊಡುವಾಗ ಅದರ ಜೊತೆಗೇ ಗಂಗಾನಗರದ ನಿವೇಶನಕ್ಕೂ ಸಹಿ ಹಾಕಿದರೆ ಆ ಕೆಲಸ ಬೇಗ ಆಗುತ್ತದೆ.