ಹೊಸ ಪಿಸ್ಟನ್ ಹಾಕಿದರೂ ಹೊಗೆ ನಿಲ್ಲುವುದಿಲ್ಲವೇಕೆ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮೋಟಾರ್‌ಸೈಕಲ್ ಎಂಬುದು ಶೋಕಿಯ ವಾಹನವಲ್ಲ. ಹಾಲಿನ ಕ್ಯಾನು, ತೊಗರಿ ಬೀಜದ ಚೀಲ, ಗೊಬ್ಬರ, ಶಾಲೆಗೆ ಹೊರಟ ಮಕ್ಕಳು, ಆಸ್ಪತ್ರೆಗೆ ಹೊರಟ ರೋಗಿ ಎಲ್ಲರೂ ಎಲ್ಲವೂ ಅದರ ಮೇಲೆಯೇ ಸಾಗಬೇಕು. ಬಸ್ಸಿನ ಸೌಕರ್ಯ ಕಡಿಮೆಯಿರುವ ಊರಿನಲ್ಲಿ ಗಾಡಿ ಕೆಟ್ಟು ನಿಂತಿತೆಂದರೆ ಅಂದಿನ ದುಡಿಮೆಯೂ ನಿಂತಂತೆಯೇ. ಆದುದರಿಂದಲೇ ಸೈಲೆನ್ಸರಿನಿಂದ ನೀಲಿ ಹೊಗೆ ಕಾಣಿಸಿಕೊಂಡು ‘ಗಾಡಿ ಎಣ್ಣಿ ಕುಡಿಲಾಕತ್ತದ’ ಎಂಬ ಮಾತು ಹೊರಟೊಡನೆ ಮನೆಯವರಿಗೆ ಚಿಂತೆ ಹತ್ತಿಕೊಳ್ಳುತ್ತದೆ. ಎಂಜಿನ್ ಬಿಚ್ಚಿಸಿ ಪಿಸ್ಟನ್ ಮತ್ತು ರಿಂಗುಗಳನ್ನು ಬದಲಿಸುವುದೆಂದರೆ ಕೂಲಿಕಾರನ ಹಲವು ದಿನಗಳ ಗಳಿಕೆ ಕೈಬಿಟ್ಟಂತೆ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಅಷ್ಟು ಹಣ ಸುರಿದ ನಂತರವೂ ಕೆಲವೇ ತಿಂಗಳಲ್ಲಿ ಅದೇ ಹೊಗೆ ಮರಳಿ ಬರುವುದುಂಟು. ಮಾಲು ಸರಿಯಿರಲಿಲ್ಲ ಎಂದು ಮಾಲೀಕ ದೂರಿದರೆ, ಓಡಿಸಿದ ರೀತಿ ಸರಿಯಿರಲಿಲ್ಲ ಎಂದು ಮಿಸ್ತ್ರಿ ಹೇಳುತ್ತಾನೆ. ಅನೇಕ ವೇಳೆ ಇಬ್ಬರೂ ಗಮನಿಸದ ಎರಡು ಕೆಲಸಗಳು ನಡುವೆ ಬಿಟ್ಟುಹೋಗಿರುತ್ತವೆ. ಒಂದು ಅಳತೆ, ಇನ್ನೊಂದು ಸ್ವಚ್ಛತೆ. ಈ ಎರಡನ್ನೂ ಅರಿತ ಗ್ರಾಹಕ ತನ್ನ ಹಣವನ್ನು ಉಳಿಸಿಕೊಳ್ಳಬಲ್ಲ.

ಸಣ್ಣ ಬಳೆಗೆ ದೊಡ್ಡ ಹೊಣೆ

ರಾಜ್ಯದೆಲ್ಲೆಡೆ ಕಾಣಸಿಗುವ 97.2 ಸಿ.ಸಿ. ಸ್ಪ್ಲೆಂಡರ್ ಎಂಜಿನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 50 ಮಿ.ಮೀ. ಪಿಸ್ಟನ್ ಚಲಿಸುವ ದೂರ 49.5 ಮಿ.ಮೀ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿರುವಾಗ ಪಿಸ್ಟನ್ ಸೆಕೆಂಡಿಗೆ ಸುಮಾರು 83 ಬಾರಿ ಮೇಲೇರಿ ಕೆಳಗಿಳಿಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗುವುದರಿಂದ ಅದನ್ನು ಸಿಲಿಂಡರಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿಯೇ ಮಾಡಲಾಗುತ್ತದೆ. ಹೀಗೆ ಉಳಿಯುವ ಸಂದನ್ನು ಮುಚ್ಚುವ ಹೊಣೆ ರಿಂಗುಗಳದು.

ಫೋರ್ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್‌ಗೆ ಸಾಮಾನ್ಯವಾಗಿ ಮೂರು ರಿಂಗುಗಳಿರುತ್ತವೆ. ಮೇಲಿನದು ಉರಿಯುವ ಅನಿಲ ಕೆಳಗೆ ಸೋರದಂತೆ ತಡೆಯುತ್ತದೆ. ಎರಡನೆಯದು ಅದಕ್ಕೆ ನೆರವಾಗುವುದರ ಜೊತೆಗೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ಕೆರೆದು ಕೆಳಗಿಳಿಸುತ್ತದೆ. ಮೂರನೆಯದು ಎಣ್ಣೆ ರಿಂಗು. ಎರಡು ತೆಳುವಾದ ಪಟ್ಟಿಗಳು ಮತ್ತು ಅವುಗಳ ನಡುವೆ ಅಲೆಯಾಕಾರದ ಒಂದು ಸ್ಪ್ರಿಂಗು ಸೇರಿ ಅದಾಗುತ್ತದೆ. ಪಿಸ್ಟನ್ನಿನ ಬಿಸಿಯನ್ನು ಸಿಲಿಂಡರಿನ ಗೋಡೆಗೆ ದಾಟಿಸುವ ಕೆಲಸವೂ ರಿಂಗುಗಳದ್ದೇ. ಇವು ಸವೆದಾಗ ಅನಿಲ ಕೆಳಕ್ಕೆ ಸೋರಿ ಶಕ್ತಿ ಕುಂದುತ್ತದೆ. ಎಣ್ಣೆ ಮೇಲಕ್ಕೇರಿ ಉರಿದು ಹೊಗೆಯಾಗುತ್ತದೆ.

ಧೂಳೇ ಮೊದಲ ಶತ್ರು

ಈ ಮೂರು ತಾಲ್ಲೂಕುಗಳದು ಬಹುಪಾಲು ಎರೆಮಣ್ಣಿನ ಸೀಮೆ. ತೊಗರಿ ರಾಶಿ ಮಾಡುವ ದಿನಗಳಲ್ಲಿ, ಆಳಂದದ ಭೂಸನೂರು ಹಾಗೂ ಅಫಜಲಪುರದ ಹಾವಳಗಾ ಸಕ್ಕರೆ ಕಾರ್ಖಾನೆಗಳತ್ತ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವ ಕಾಲದಲ್ಲಿ ರಸ್ತೆಯ ಮೇಲೆ ಧೂಳು ಮುಸುಕಿರುತ್ತದೆ. ಧೂಳಿನಲ್ಲಿರುವ ಸಿಲಿಕಾ ಕಣಗಳು ಕಬ್ಬಿಣದ ಸಿಲಿಂಡರಿಗಿಂತ ಗಟ್ಟಿ. ಏರ್ ಫಿಲ್ಟರ್ ಹರಿದಿದ್ದರೆ ಅಥವಾ ಅದರ ಮುಚ್ಚಳ ಸಡಿಲವಾಗಿದ್ದರೆ ಈ ಕಣಗಳು ಎಣ್ಣೆಯೊಡನೆ ಬೆರೆತು, ಒಳಗೆ ಸಾಣೆ ಹಿಡಿದಂತೆ ಉಜ್ಜುತ್ತಲೇ ಹೋಗುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು, ಮೂವರ ಸವಾರಿ ಮತ್ತು ಕಡಿಮೆಯಾದ ಎಣ್ಣೆ ಕೂಡಿದರೆ ಸವೆತ ಇನ್ನೂ ಬೇಗ. ಫಿಲ್ಟರ್ ಬದಲಿಸದೆ ಪಿಸ್ಟನ್ ಬದಲಿಸುವುದು ತೂತು ಮುಚ್ಚದೆ ಕೊಡ ತುಂಬಿಸಿದಂತೆ.

ಬಿಚ್ಚುವ ಮುನ್ನ ಪರೀಕ್ಷೆ

ಹೊಗೆ ಬಂತೆಂದ ಮಾತ್ರಕ್ಕೆ ರಿಂಗೇ ಹೋಗಿದೆ ಎಂದು ತೀರ್ಮಾನಿಸಲಾಗದು. ವೇಗ ಹೆಚ್ಚಿಸುವಾಗ ನೀಲಿ ಹೊಗೆ ಬಂದರೆ ಸಂಶಯ ರಿಂಗಿನ ಮೇಲೆ. ವೇಗದಲ್ಲಿದ್ದ ಗಾಡಿಯ ಎಕ್ಸಲೇಟರ್ ಬಿಟ್ಟು ಇಳಿಜಾರಿನಲ್ಲಿ ಸಾಗಿ ಮತ್ತೆ ತಿರುವಿದಾಗ ಅಥವಾ ಮುಂಜಾನೆ ಮೊದಲ ಸಲ ಚಾಲೂ ಮಾಡಿದಾಗ ಮಾತ್ರ ಹೊಗೆ ಕಂಡರೆ ವಾಲ್ವ್ ಸೀಲು ಅಥವಾ ಗೈಡಿನತ್ತ ನೋಡಬೇಕು. ಸೀಲು ಬದಲಿಸಲು ಆಗುವ ವೆಚ್ಚ ತೀರಾ ಕಡಿಮೆ.

ಇದನ್ನು ಖಚಿತಪಡಿಸಿಕೊಳ್ಳಲು ಕಂಪ್ರೆಷನ್ ಗೇಜ್ ಇದ್ದರೆ ಸಾಕು. ಪ್ಲಗ್ ತೆಗೆದು ಒತ್ತಡವನ್ನು ಅಳೆದು, ಬಳಿಕ ಅದೇ ರಂಧ್ರದಲ್ಲಿ ಒಂದು ಚಮಚೆ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಎರಡನೆಯ ಸಲ ಒತ್ತಡ ಎದ್ದು ಕಾಣುವಂತೆ ಏರಿದರೆ ರಿಂಗು ಅಥವಾ ಬೋರ್ ಸವೆದಿದೆ ಎಂದರ್ಥ. ಏರದಿದ್ದರೆ ಸೋರಿಕೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿದೆ.

ಅಳತೆಯೇ ಕೆಲಸದ ತಿರುಳು

ಹಳೆಯ ಬೋರಿಗೆ ಹೊಸ ರಿಂಗು ಮಾತ್ರ ಹಾಕಿಸಿದರೆ ಖರ್ಚು ಕಡಿಮೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬೋರ್ ಸವೆಯದಿದ್ದರೆ ಇದು ಸರಿಯೇ. ಸವೆದಿದ್ದರೆ ಸರಳ ಲೆಕ್ಕವೊಂದು ಸತ್ಯವನ್ನು ಹೇಳುತ್ತದೆ. ಸಿಲಿಂಡರಿನ ವ್ಯಾಸ ಕೇವಲ 0.10 ಮಿ.ಮೀ. ಹಿಗ್ಗಿದರೆ ಅದರ ಸುತ್ತಳತೆ 0.31 ಮಿ.ಮೀ. ಹೆಚ್ಚುತ್ತದೆ, ರಿಂಗಿನ ಎರಡು ತುದಿಗಳ ನಡುವಿನ ಸಂದೂ ಅಷ್ಟೇ ಹಿಗ್ಗುತ್ತದೆ. ಈ ಗಾತ್ರದ ಎಂಜಿನ್ನಿಗೆ ಆ ಸಂದು ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಒಳಗೆ ಇರಬೇಕು. ಅಂದರೆ ಹೊಸ ರಿಂಗು ಮೊದಲ ದಿನವೇ ಹಳೆಯ ರಿಂಗಿನಂತೆ ಸೋರುತ್ತದೆ. ಜೊತೆಗೆ ಬೋರ್ ಎಲ್ಲೆಡೆ ಸಮವಾಗಿ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ ಸವೆತ ಹೆಚ್ಚು.

ಆದುದರಿಂದ ಬೋರ್ ಗೇಜಿನಿಂದ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಪ್ರತಿ ಕಡೆಯೂ ಅಡ್ಡ ಮತ್ತು ಉದ್ದ ಎರಡು ದಿಕ್ಕಿನಲ್ಲಿ ಅಳೆಯಬೇಕು. ಪಿಸ್ಟನ್ನನ್ನು ಅದರ ಪಿನ್ನಿಗೆ ಅಡ್ಡಲಾಗಿ, ಕೆಳಗಿನ ಅಂಚಿನ ಸಮೀಪ ಮೈಕ್ರೋಮೀಟರಿನಿಂದ ಅಳೆಯಬೇಕು. ಸವೆತ ತಯಾರಕರು ಹೇಳಿದ ಮಿತಿ ಮೀರಿದ್ದರೆ ಬೋರ್ ಕೊರೆಸಿ 0.25, 0.50, 0.75 ಅಥವಾ 1.00 ಮಿ.ಮೀ. ದೊಡ್ಡದಾದ ಪಿಸ್ಟನ್ ಹಾಕಬೇಕಾಗುತ್ತದೆ. ಮೊದಲು ಪಿಸ್ಟನ್ ಕೊಂಡು, ಅದನ್ನು ಅಳೆದು, ಆ ಅಳತೆಗೆ ಬೋರ್ ಕೊರೆಸುವುದು ಸರಿಯಾದ ಕ್ರಮ. ಯಂತ್ರ ಊರಿನಲ್ಲಿಲ್ಲವೆಂದು ಕೈ ಅಂದಾಜಿನಲ್ಲಿ ಎಮರಿ ಕಾಗದ ಉಜ್ಜಿ ಮುಗಿಸುವುದಕ್ಕಿಂತ, ಬ್ಲಾಕನ್ನು ಕಲಬುರಗಿಯಂಥ ನಗರದ ಲೇತ್ ಅಂಗಡಿಗೆ ಒಯ್ಯುವ ಬಸ್ ಚಾರ್ಜು ಲಾಭದಾಯಕ. ಗೋಡೆಗೆ ವಿಶೇಷ ಲೇಪನವಿರುವ ಕೆಲವು ಹೊಸ ಮಾದರಿಯ ಸಿಲಿಂಡರುಗಳನ್ನು ಕೊರೆಯುವಂತಿಲ್ಲ; ಅವನ್ನು ಪಿಸ್ಟನ್ ಸಹಿತ ಬದಲಿಸಬೇಕು.

ತೊಳೆಯುವುದೂ ಒಂದು ವಿದ್ಯೆ

ಕೊರೆದ ಬೋರಿನ ಗೋಡೆಯ ಮೇಲೆ ಹೋನಿಂಗ್ ಎಂಬ ಕ್ರಿಯೆಯಿಂದ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳನ್ನು ಮೂಡಿಸಲಾಗುತ್ತದೆ. ಈ ಗೆರೆಗಳು ಎಣ್ಣೆಯನ್ನು ಹಿಡಿದಿಟ್ಟು ರಿಂಗುಗಳು ಬೋರಿಗೆ ಹೊಂದಿಕೊಳ್ಳಲು ನೆರವಾಗುತ್ತವೆ. ಆದರೆ ಹೋನಿಂಗ್ ಕಲ್ಲಿನ ಪುಡಿಯೂ ಅವುಗಳಲ್ಲೇ ಅಡಗಿರುತ್ತದೆ. ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ಒರೆಸಿದರೆ ಜಿಡ್ಡು ಹೋಗುತ್ತದೆಯೇ ಹೊರತು ಪುಡಿ ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪು ಮತ್ತು ಬ್ರಷ್ಷಿನಿಂದ ತಿಕ್ಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಲ್ಲುವವರೆಗೂ ಇದು ನಡೆಯಬೇಕು. ಹೊರಗಿನ ಧೂಳಿಗೆ ಹೆದರಿ ಎಂಜಿನ್ ಬಿಚ್ಚಿಸಿದವರು ಒಳಗೆ ಕಲ್ಲಿನ ಪುಡಿ ಬಿಟ್ಟು ಮುಚ್ಚಿದರೆ ಬಂದ ಫಲವೇನು?

ಜೋಡಣೆಯ ಕ್ರಮ

ಪಿಸ್ಟನ್‌ಗೆ ಏರಿಸುವ ಮುನ್ನ ಪ್ರತಿ ರಿಂಗನ್ನೂ ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ಸಮನಾಗಿ ಒಳಗೆ ತಳ್ಳಿ, ತುದಿಗಳ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಸಂದು ತೀರಾ ಕಡಿಮೆಯಿದ್ದರೆ ಬಿಸಿಯಲ್ಲಿ ತುದಿಗಳು ಒಂದಕ್ಕೊಂದು ತಾಗಿ ರಿಂಗು ಮುರಿದು ಬೋರನ್ನು ಗೀರುತ್ತದೆ.

ಮೊದಲು ಎಣ್ಣೆ ರಿಂಗು, ಬಳಿಕ ಎರಡನೆಯದು, ಕೊನೆಗೆ ಮೇಲಿನದು ಎಂಬುದು ಏರಿಸುವ ಕ್ರಮ. ರಿಂಗಿನ ಮೇಲೆ ಕೊರೆದ ಅಕ್ಷರ ಅಥವಾ ಗುರುತು ಮೇಲ್ಮುಖವಾಗಿರಬೇಕು. ಮೂರು ರಿಂಗುಗಳ ಸಂದುಗಳು ಒಂದೇ ಸಾಲಿನಲ್ಲಿ ಬಂದರೆ ಅನಿಲಕ್ಕೆ ನೇರ ದಾರಿ ಸಿಕ್ಕಂತಾಗುವುದರಿಂದ ಅವನ್ನು ಪರಸ್ಪರ 120 ಡಿಗ್ರಿ ದೂರದಲ್ಲಿಡಬೇಕು. ಎಣ್ಣೆ ರಿಂಗಿನ ಎರಡು ಪಟ್ಟಿಗಳ ಸಂದುಗಳೂ ಒಂದರ ಮೇಲೊಂದು ಬರಬಾರದು.

ಪಿಸ್ಟನ್‌ಗೂ ದಿಕ್ಕುಂಟು. ಅದರ ತಲೆಯ ಮೇಲೆ ‘ಇನ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಆ ಬದಿ ಪೆಟ್ರೋಲ್ ಮತ್ತು ಗಾಳಿ ಒಳಬರುವ ಕಡೆಗಿರಬೇಕು. ಬಾಣದ ಗುರುತಿದ್ದರೆ ಆಯಾ ಮಾದರಿಯ ಕೈಪಿಡಿಯಂತೆ ಕೂರಿಸಬೇಕು. ಪಿನ್ನನ್ನು ಹಿಡಿದಿಡುವ ಲಾಕ್, ಅಂದರೆ ಸರ್ಕ್ಲಿಪ್, ಪ್ರತಿ ಸಲವೂ ಹೊಸದಾಗಿರಲಿ. ಹಳೆಯದು ಓಟದಲ್ಲಿ ಕಳಚಿದರೆ ಸಿಲಿಂಡರೇ ಹಾಳಾಗುತ್ತದೆ. ಲಾಕ್ ಕೂರಿಸುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿರಬೇಕು. ಒಳಗೆ ಜಾರಿಬಿದ್ದ ಲಾಕ್ ಅರ್ಧ ಗಂಟೆಯ ಕೆಲಸವನ್ನು ಎರಡು ದಿನದ ಕೆಲಸವಾಗಿಸಬಲ್ಲದು. ಬಳಿಕ ರಿಂಗುಗಳಿಗೂ ಬೋರಿಗೂ ಎಣ್ಣೆ ಸವರಿ, ರಿಂಗುಗಳನ್ನು ಬೆರಳಿನಿಂದ ಒತ್ತಿ ಹಿಡಿದು ಬ್ಲಾಕನ್ನು ನಿಧಾನವಾಗಿ ಇಳಿಸಬೇಕು. ಅಡ್ಡಿ ಬಂದರೆ ಸುತ್ತಿಗೆ ಹಿಡಿಯದೆ ಮೇಲೆತ್ತಿ ನೋಡಬೇಕು. ಹೆಡ್ಡಿನ ನಟ್ಟುಗಳನ್ನು ಕೈಪಿಡಿ ಹೇಳಿದ ಬಿಗಿತಕ್ಕೆ, ಎದುರುಬದುರಾಗಿ, ಹಂತ ಹಂತವಾಗಿ ಬಿಗಿಯುವುದು ಕೊನೆಯ ಕೆಲಸ.

ಹಳೆಯ ಟೂ ಸ್ಟ್ರೋಕ್ ಗಾಡಿಗಳಲ್ಲಿ ಈ ಕ್ರಮ ತುಸು ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿದ್ದಾರೆ. ಇಂಥ ಎಂಜಿನ್ನುಗಳ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿಯದಿರಲೆಂದು ಪಿಸ್ಟನ್ನಿನ ಗಾಡಿಯಲ್ಲಿ ಚಿಕ್ಕ ಮೊಳೆಯನ್ನು ಕೂರಿಸಿರಲಾಗುತ್ತದೆ. ಅಲ್ಲಿ 120 ಡಿಗ್ರಿಯ ಲೆಕ್ಕ ನಡೆಯದು. ತುದಿಗಳು ಆ ಮೊಳೆಯ ಎರಡು ಬದಿಗೇ ಬರಬೇಕು.

ಮೊದಲ 500 ಕಿಲೋಮೀಟರ್

ಎಂಜಿನ್ ಮುಚ್ಚಿದೊಡನೆ ಕೆಲಸ ಮುಗಿಯಲಿಲ್ಲ. ರಿಂಗು ಮತ್ತು ಬೋರ್ ಒಂದಕ್ಕೊಂದು ಹೊಂದಿಕೊಳ್ಳುವುದು ಓಟದಲ್ಲಿಯೇ. ಆರಂಭದಲ್ಲಿ ನಿಂತಲ್ಲೇ ಬಹಳ ಹೊತ್ತು ಚಾಲೂ ಇಡುವುದು, ಪೂರ್ತಿ ಎಕ್ಸಲೇಟರ್ ತಿರುವುವುದು, ಭಾರ ಹೇರುವುದು ಮೂರೂ ಸಲ್ಲವು. ಒಂದೇ ವೇಗದಲ್ಲಿ ಸಾಗದೆ ಆಗಾಗ ಹೆಚ್ಚು ಕಡಿಮೆ ಮಾಡುತ್ತ ಓಡಿಸಬೇಕು. ಸುಮಾರು 500 ಕಿ.ಮೀ.ಗೆ ಎಣ್ಣೆ ಬದಲಿಸಿದರೆ ಆರಂಭದ ಸವೆತದಲ್ಲಿ ಉದುರಿದ ಲೋಹದ ಕಣಗಳು ಹೊರಹೋಗುತ್ತವೆ.

ದಿನವಿಡೀ ಮನೆ ಮನೆಗೆ ಊಟ ತಲುಪಿಸುವ ಬೆಂಗಳೂರಿನ ಯುವಕನಿಗೂ, ಜೇವರ್ಗಿಯಿಂದ ಭೀಮಾ ಸೇತುವೆ ದಾಟಿ ಕಲಬುರಗಿಗೆ ಕೆಲಸಕ್ಕೆ ಬರುವವನಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಗಾಡಿಯನ್ನು ಬಿಚ್ಚಲು ಬಿಡುವಾಗ ಮಿಸ್ತ್ರಿಯನ್ನು ಮೂರು ಪ್ರಶ್ನೆ ಕೇಳಿದರೆ ಸಾಕು. ಬೋರಿನ ಅಳತೆ ಎಷ್ಟು ಬಂತು? ರಿಂಗಿನ ಸಂದು ಎಷ್ಟಿದೆ? ಏರ್ ಫಿಲ್ಟರ್ ಹೇಗಿದೆ? ಉತ್ತರವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಳ್ಳಿ, ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ. ತನ್ನ ಕೆಲಸದ ಬೆಲೆ ತಿಳಿದ ಗ್ರಾಹಕ ಬಂದನೆಂದು ಸಂತೋಷವನ್ನೇ ಪಡುತ್ತಾನೆ.