ಗರ್ಭಕೋಶ ತೆಗೆಸಿದ ಮೇಲೆ ಹೊಟ್ಟೆ ಯಾಕೆ ಊದುತ್ತೆ?

ಗರ್ಭಕೋಶದ ಆಪರೇಷನ್ ಆಗಿ ಎರಡು ವಾರ. ಬೆಳಗ್ಗೆ ಸರಿಯಿದ್ದ ಹೊಟ್ಟೆ ಸಂಜೆಗೆ ಬಿಗಿದು, ಲಂಗದ ಲಾಡಿ ಕಟ್ಟೋಕೂ ಆಗಲ್ಲ. ಗಾಬರಿ ಬೇಡ, ಒಳಗಿನ ಗಾಯ ಇನ್ನೂ ಮಾಯ್ತಿದೆ. ಸಡಿಲ ನೈಟಿ ಹಾಕ್ಕೊಳ್ಳಿ.

ಲ್ಯಾಪರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡೋ ಆಪರೇಷನ್) ಆದವರಿಗೆ ಮೊದಲ ದಿನಗಳಲ್ಲಿ ಭುಜವೂ ನೋಯಬಹುದು! ಆಪರೇಷನ್ ವೇಳೆ ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ಎದೆ-ಹೊಟ್ಟೆ ನಡುವಿನ ವಪೆಯನ್ನು ಕೆಣಕುತ್ತೆ; ನೋವು ಭುಜದಲ್ಲಿ ಕಾಣಿಸುತ್ತೆ. ಮನೆಯೊಳಗೇ ನಿಧಾನವಾಗಿ ನಡೆದಾಡಿ.

ನೋವಿನ ಮಾತ್ರೆ ಡಾಕ್ಟರ್ ಹೇಳಿದ ಹೊತ್ತಿಗೇ ತಗೊಳ್ಳಿ. ‘ತಡ್ಕೋತೀನಿ’ ಅನ್ನೋ ಹಟ ಯಾಕೆ? ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡೀರಿ. ತುಂಬಿದ ಕೊಡ, ಸಿಲಿಂಡರ್ ಸುಮಾರು 6 ವಾರ ಎತ್ತಬೇಡಿ. ಭಾರ ಎತ್ತಬಾರದು ಅನ್ನೋದನ್ನ ಮನೆಯವರಿಗೂ ಹೇಳಿ.

ಜ್ವರ, ಜೋರು ರಕ್ತಸ್ರಾವ, ನಿಲ್ಲದ ವಾಂತಿ, ಒಂದೇ ಕಾಲಿನ ಮೀನಖಂಡದಲ್ಲಿ ಊತ-ನೋವು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.