ಅಂಜುವವನೋ, ಅಂಜಿಸುವವನೋ?

ಇಂಗ್ಲಿಷಿನ 'ಫಿಯರ್‌ಫುಲ್' ಎಂಬ ಗುಣವಾಚಕವನ್ನು ಕಂಡೊಡನೆ ನಮ್ಮ ವಿದ್ಯಾರ್ಥಿಗಳು 'ಭಯಂಕರ' ಎಂದು ಅರ್ಥ ಬರೆಯುವುದುಂಟು. ಅದು ತಪ್ಪಲ್ಲವಾದರೂ ಪೂರ್ಣವಲ್ಲ. ಭಯವನ್ನು ಹುಟ್ಟಿಸುವಂಥದು ಎಂಬುದು ಆ ಪದದ ಒಂದು ಅರ್ಥ. ಭಯಗೊಂಡವನು ಎಂಬುದು ಇನ್ನೊಂದು. 'ಫಿಯರ್' ಎಂದರೆ ಭಯ, 'ಫುಲ್' ಎಂದರೆ ತುಂಬಿದ. ಭಯವು ನೋಡುವವನ ಮನದಲ್ಲಿ ತುಂಬಿದೆಯೋ, ನೋಡಿದ ವಸ್ತುವಿನಲ್ಲಿ ತುಂಬಿದೆಯೋ ಎಂಬುದನ್ನು ಪದವೊಂದೇ ತಿಳಿಸಲಾರದು.

ಕನ್ನಡದಲ್ಲಿ ಈ ತೊಡಕಿಲ್ಲ. ಸಂಸ್ಕೃತದ 'ಭೀ' ಧಾತುವಿನಿಂದ ಬಂದ ಪದಗಳನ್ನೇ ನೋಡಬಹುದು. ಭಯಗೊಂಡವನು ಭೀತ, ಸ್ವಭಾವತಃ ಅಂಜುವವನು ಭೀರು, ಭಯವನ್ನು ಹುಟ್ಟಿಸುವುದು ಭೀಕರ. ಅಚ್ಚಗನ್ನಡದಲ್ಲಿಯೂ 'ಅಂಜು' ಬೇರೆ, 'ಅಂಜಿಸು' ಬೇರೆ. ರೋಣ, ಗಜೇಂದ್ರಗಡದ ಹಳ್ಳಿಗರು ಒಬ್ಬನನ್ನು 'ಅಂಜುಬುರುಕ' ಎಂದರೆ ಅವನಿಂದ ಇತರರು ಅಂಜುತ್ತಾರೆಂದು ಯಾರೂ ತಿಳಿಯರು.

ಇಂಗ್ಲಿಷಿನಲ್ಲಿ ಅರ್ಥವನ್ನು ನಿರ್ಣಯಿಸುವುದು ವಾಕ್ಯದ ರಚನೆ. ಪದದ ಮುಂದೆ 'ಆಫ್' ಅಥವಾ 'ದ್ಯಾಟ್' ಬಂದರೆ ಕರ್ತೃವೇ ಭಯಗೊಂಡವನು. ಬಿರುಗಾಳಿ, ಯುದ್ಧ, ನೋಟ ಮೊದಲಾದ ನಾಮಪದಗಳ ಹಿಂದೆ ಬಂದರೆ ಸಾಮಾನ್ಯವಾಗಿ 'ಭೀಕರ' ಎಂದರ್ಥ. ಮಾತುಕತೆಯಲ್ಲಿ ಕೇವಲ ಆಧಿಕ್ಯವನ್ನು ಸೂಚಿಸಲೂ ಅದನ್ನು ಬಳಸುವುದುಂಟು. ನಮ್ಮವರು 'ಭಯಂಕರ ಬಿಸಿಲು' ಎನ್ನುವಾಗ ಅಲ್ಲಿ ಭಯವೆಲ್ಲಿದೆ? ಇದೂ ಅಂಥದೇ ಪ್ರಯೋಗ.

ಈ ಭೇದವನ್ನು ಅರಿಯದಿದ್ದರೆ ಆಗುವ ಅನರ್ಥಕ್ಕೆ ನಮ್ಮ ನಾಡಿನ ಚರಿತ್ರೆಯಿಂದಲೇ ಒಂದು ಉದಾಹರಣೆ ಕೊಡಬಹುದು. 1858ರಲ್ಲಿ ನರಗುಂದದ ಸಂಸ್ಥಾನಿಕರಾದ ಭಾಸ್ಕರರಾವ ಭಾವೆ, ಅರ್ಥಾತ್ ಬಾಬಾಸಾಹೇಬರು, ಬ್ರಿಟಿಷರ ವಿರುದ್ಧ ಬಂಡೆದ್ದರು. ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದರು. ಆ ಕಾಳಗವನ್ನು 'ಫಿಯರ್‌ಫುಲ್' ಎಂದರೆ ಸರಿ. ಅದು ಭೀಕರವೇ ಆಗಿತ್ತು. ಆದರೆ 'ಶತ್ರುಗಳಿಗೆ ಭಯಂಕರರು' ಎಂಬ ಭಾವದಿಂದ ವಿದ್ಯಾರ್ಥಿಯು ಬಾಬಾಸಾಹೇಬರನ್ನೇ 'ಫಿಯರ್‌ಫುಲ್' ಎಂದು ಬಣ್ಣಿಸಿದನೆನ್ನಿ. ಇಂಗ್ಲಿಷ್ ಬಲ್ಲವರು ಅದನ್ನು 'ಅಂಜಿದವರು' ಎಂದೇ ಓದುವ ಸಂಭವ ಹೆಚ್ಚು. ಒಂದು ಪದದ ಅಜಾಗರೂಕತೆಯಿಂದ ವೀರನು ಭೀರುವಾದಂತಾಯಿತು! ಅಲ್ಲಿ 'ಫಿಯರ್‌ಸಮ್' ಎಂಬುದು ಉಚಿತ. ನಿರ್ಭೀತಿಯನ್ನು ಹೇಳಬೇಕಾದರೆ 'ಫಿಯರ್‌ಲೆಸ್'.

ಆದುದರಿಂದ ಅನುವಾದಕ್ಕೆ ಕೈಹಾಕುವ ಮೊದಲು 'ಇಲ್ಲಿ ಅಂಜುವವರು ಯಾರು?' ಎಂದು ಕೇಳಿಕೊಳ್ಳುವ ರೂಢಿಯನ್ನು ಅಧ್ಯಾಪಕರು ಮಕ್ಕಳಲ್ಲಿ ಬೆಳೆಸಬೇಕು. ಆ ಪ್ರಶ್ನೆಗೆ ಉತ್ತರ ದೊರೆತರೆ ತಕ್ಕ ಕನ್ನಡ ಪದವು ತಾನಾಗಿಯೇ ಒದಗುವುದು.